ಸತುವಿನ ಸ್ಟೇಷನ್ 93.8

ಬೆಂಗಳೂರಿನಲ್ಲಿ ರೇಡಿಯೊ ಹಚ್ಚಿ ಎಫ್‌ಎಂ ಮುಳ್ಳನ್ನು 93.5ರ ಮೇಲಿಟ್ಟರೆ ಹಾಡು, ಹರಟೆ, ಜಾಹೀರಾತು ಎಲ್ಲ ಕೇಳಿಸುತ್ತವೆ. ಅಲ್ಲಿಂದ ಕೂದಲೆಳೆಯಷ್ಟು ಮುಂದಕ್ಕೆ ಸರಿಸಿ, 93.8 ಮೆಗಾಹರ್ಟ್ಸ್. ಬರೀ ಕರಕರ. ಆದರೆ ಅಮೆರಿಕದ ಫ್ಲಾರಿಡಾ ರಾಜ್ಯದ ಟ್ಯಾಲಹಾಸಿ ಊರಿನಲ್ಲಿ, ಪ್ರಬಲ ಕಾಂತಕ್ಷೇತ್ರಗಳಿಗೆಂದೇ ಇರುವ ರಾಷ್ಟ್ರೀಯ ಪ್ರಯೋಗಾಲಯವೊಂದರಲ್ಲಿ, ದೈತ್ಯ ಮ್ಯಾಗ್ನೆಟ್ಟಿನ ಹೊಟ್ಟೆಯೊಳಗೆ ಹೆಚ್ಚುಕಡಿಮೆ ಇದೇ ಕಂಪನಾಂಕದಲ್ಲಿ ಒಂದು ಸ್ಟೇಷನ್ ಮಾತಾಡುತ್ತದೆ. ಮಾತಾಡುವವರು ಯಾರು ಗೊತ್ತೇ? ಸತು! ತಗಡಿನ ಶೀಟಿಗೆ ತುಕ್ಕು ಹಿಡಿಯದಂತೆ ಬಳಿಯುವ ಅದೇ ಸತು. ಅದರ ಪರಮಾಣುವಿನ ನಟ್ಟನಡುವಿನ ನ್ಯೂಕ್ಲಿಯಸ್ ತನ್ನ ಅಕ್ಕಪಕ್ಕದಲ್ಲಿ ಯಾರಿದ್ದಾರೆ, ಎಷ್ಟು ಜನ, ನೆಟ್ಟಗೆ ಕೂತಿದ್ದಾರೋ ವಾಲಿಕೊಂಡಿದ್ದಾರೋ ಎಂಬುದನ್ನೆಲ್ಲ ರೇಡಿಯೊ ಅಲೆಯಲ್ಲಿ ಬಿಡಿಸಿ ಹೇಳುತ್ತದೆ. 2020ರಲ್ಲಿ ಆ ಮಾತನ್ನು ಕಿವಿಗೊಟ್ಟು ಆಲಿಸಿದವರು ಗಾಜಿನ ಬಗ್ಗೆ ಅಲ್ಲಿಯವರೆಗೆ ನಂಬಿದ್ದ ಒಂದು ಸಂಗತಿಯನ್ನೇ ತಿದ್ದಬೇಕಾಯಿತು.

ಆ ಕತೆಗೆ ಬರುವ ಮುಂಚೆ, ಸತು ಕೂತಿದ್ದ ಮನೆಯನ್ನು ನೋಡಬೇಕು. ಅದೇ ಒಂದು ಸೋಜಿಗ. ಲೋಹದ ಅಯಾನುಗಳನ್ನು ಮೂಲೆಗಳಲ್ಲಿ ನಿಲ್ಲಿಸಿ, ಇಂಗಾಲದ ಅಣುಗಳನ್ನು ಅಡ್ಡಪಟ್ಟಿಗಳಾಗಿ ಜೋಡಿಸಿದರೆ ಒಳಗೆಲ್ಲ ಟೊಳ್ಳಾದ, ಹೊರಗೆ ಗಟ್ಟಿಯಾದ ಹರಳು ಸಿಗುತ್ತದೆ. ಇದೇ ಮೋಫ್, ಅಂದರೆ ಲೋಹ-ಸಾವಯವ ಚೌಕಟ್ಟು. ರಿಚರ್ಡ್ ರಾಬ್ಸನ್, ಸುಸುಮು ಕಿಟಗಾವಾ, ಒಮರ್ ಯಾಘಿ ಈ ಮೂವರಿಗೆ 2025ರ ರಸಾಯನಶಾಸ್ತ್ರ ನೊಬೆಲ್ ಬಂದಿದ್ದು ಇದಕ್ಕೇ. ಒಂದು ಗ್ರಾಂ ಪುಡಿಯ ಒಳಗೋಡೆಗಳನ್ನೆಲ್ಲ ಬಿಚ್ಚಿ ಹಾಸಿದರೆ ಎಷ್ಟು ಜಾಗ ಬೇಕು? ಎನ್‌ಯು-110 ಎಂಬ ಮೋಫ್‌ಗೆ 7,000 ಚದರ ಮೀಟರಿಗೂ ಹೆಚ್ಚು. ನಮ್ಮ ಲೆಕ್ಕದಲ್ಲಿ ಎಪ್ಪತ್ತು ಗುಂಟೆ! ಚಿಟಿಕೆ ಪುಡಿಯಲ್ಲಿ ಒಂದೂಮುಕ್ಕಾಲು ಎಕರೆ ಜಮೀನು.

ಮೋಫ್‌ಗಿಂತ ಹಳೆಯ ನಂಟರು ಜಿಯೋಲೈಟ್‌ಗಳು. ಇವು ಸಿಲಿಕಾನ್, ಅಲ್ಯೂಮಿನಿಯಂ, ಆಕ್ಸಿಜನ್ ಸೇರಿ ಕಟ್ಟಿದ ತೂತುತೂತಿನ ಹರಳುಗಳು. ಬಟ್ಟೆ ಒಗೆಯುವ ಎಷ್ಟೋ ಪುಡಿಗಳಲ್ಲಿ ನೀರಿನ ಗಡಸುತನ ಕಳೆಯುವುದು ಇವೇ, ಕಚ್ಚಾತೈಲವನ್ನು ಸೀಳಿ ಪೆಟ್ರೋಲ್ ಮಾಡುವುದೂ ಇವೇ. ನಮ್ಮ ವಿಜಯಪುರ, ಕಲಬುರಗಿ ನಿಂತಿರುವ ದಖನ್ನಿನ ಕಪ್ಪು ಲಾವಾಶಿಲೆ ಉತ್ತರಕ್ಕೆ ಚಾಚಿ ಪುಣೆ, ನಾಸಿಕ್, ಜಲಗಾಂವ್ ಕಡೆ ಹೋದಾಗ ಅದರ ಗುಳ್ಳೆಗಳೊಳಗೆ ಬೆಳೆದ ಜಿಯೋಲೈಟ್ ಹರಳುಗಳು ಜಗತ್ತಿನ ವಸ್ತುಸಂಗ್ರಹಾಲಯಗಳಿಗೆಲ್ಲ ಹೋಗಿ ಕೂತಿವೆ.

ಇಂಥ ಎಲ್ಲ ಟೊಳ್ಳು ಹರಳುಗಳಲ್ಲೂ ನಿಜವಾದ ಕೆಲಸಗಾರ ಲೋಹ. ಇಂಗಾಲದ ಡೈಆಕ್ಸೈಡನ್ನು ಹಿಡಿದಿಡುವುದು, ಒಂದು ಅಣುವನ್ನು ಮುರಿದು ಇನ್ನೊಂದನ್ನು ಕಟ್ಟುವುದು ಬಹುಪಾಲು ಅದರ ಸುತ್ತಲ ಅಂಗೈಯಗಲದ, ಅಲ್ಲಲ್ಲ, ಒಂದು ನ್ಯಾನೊಮೀಟರ್‌ಗೂ ಕಡಿಮೆ ಅಗಲದ ಜಾಗದಲ್ಲಿ. ಆ ಜಾಗ ಹೇಗಿದೆ ಎಂದು ತಿಳಿಯುವುದು ಹೇಗೆ? ಎಕ್ಸ್‌ರೇ ಹಾಯಿಸಬಹುದು. ಎಲ್ಲವೂ ಸಾಲಾಗಿ ಶಿಸ್ತಿನಿಂದ ನಿಂತಿದ್ದರೆ ಎಕ್ಸ್‌ರೇಗೆ ಸಮನಾದ ಸಾಕ್ಷಿ ಇನ್ನೊಂದಿಲ್ಲ. ಸಾಲು ಕೆಟ್ಟರೆ? ನೂರರಲ್ಲಿ ಎರಡು ಕಡೆ ಮಾತ್ರ ಲೋಹ ಬೇರೆ ಥರ ಕೂತಿದ್ದರೆ? ಹರಳೇ ಕರಗಿ ಗಾಜಾಗಿಬಿಟ್ಟರೆ? ಆಗ ಎಕ್ಸ್‌ರೇ ಸರಾಸರಿಯನ್ನಷ್ಟೇ ಹೇಳಿ ಸುಮ್ಮನಾಗುತ್ತದೆ. ಎನ್‌ಎಂಆರ್‌ನ (ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್, ನ್ಯೂಕ್ಲಿಯಸ್ಸಿನ ರೇಡಿಯೊ ದನಿ ಆಲಿಸುವ ವಿದ್ಯೆ) ಹೆಚ್ಚುಗಾರಿಕೆ ಇರುವುದು ಇಲ್ಲೇ. ಅದಕ್ಕೆ ಊರಿನ ನಕ್ಷೆ ಬೇಕಿಲ್ಲ, ಒಂದೊಂದು ನ್ಯೂಕ್ಲಿಯಸ್ಸನ್ನೂ ಅದರ ಮನೆಬಾಗಿಲಲ್ಲೇ ಮಾತಾಡಿಸುತ್ತದೆ.

ಎಂಆರ್‌ಐ ಸ್ಕ್ಯಾನ್ ಮಾಡಿಸಿಕೊಂಡವರೆಲ್ಲ ಎನ್‌ಎಂಆರ್ ಒಳಗೆ ಮಲಗಿ ಬಂದವರೇ. ಅಲ್ಲಿ ಮಾತಾಡುವುದು ನಮ್ಮ ಮೈಯ ನೀರಿನಲ್ಲಿರುವ ಹೈಡ್ರೋಜನ್. ನ್ಯೂಕ್ಲಿಯಸ್‌ಗೆ ಸ್ಪಿನ್ ಎಂಬ ಗುಣ ಇದ್ದರೆ ಅದೊಂದು ಪುಟಾಣಿ ಅಯಸ್ಕಾಂತ. ದೊಡ್ಡ ಕಾಂತಕ್ಷೇತ್ರದಲ್ಲಿಟ್ಟು ಸರಿಯಾದ ರೇಡಿಯೊ ಅಲೆಯಿಂದ ತಟ್ಟಿದರೆ ಅದೇ ಕಂಪನಾಂಕದಲ್ಲಿ ಮರುದನಿ ಕೊಡುತ್ತದೆ. ಸುತ್ತಲಿನ ಎಲೆಕ್ಟ್ರಾನ್‌ಗಳು ಕಾಂತಕ್ಷೇತ್ರಕ್ಕೆ ಎಳ್ಳಷ್ಟು ಅಡ್ಡ ನಿಲ್ಲುವುದರಿಂದ ದನಿ ಹತ್ತು ಲಕ್ಷದಲ್ಲಿ ಕೆಲವು ಪಾಲು ಆಚೀಚೆ ಸರಿಯುತ್ತದೆ. ಆ ಸರಿದಾಟವೇ ಸುದ್ದಿ! ಅಲ್ಯೂಮಿನಿಯಂ ನಾಲ್ಕು ಆಕ್ಸಿಜನ್‌ಗಳ ನಡುವೆ ಇದ್ದರೆ ಅದರ ಗುರುತು ಈ ಪಾಲಿನ ಲೆಕ್ಕದಲ್ಲಿ 60ರ ಆಸುಪಾಸು, ಆರರ ನಡುವೆ ಇದ್ದರೆ ಸೊನ್ನೆಯ ಆಸುಪಾಸು. ಪೆಟ್ರೋಲ್ ಕಾರ್ಖಾನೆಯ ಜಿಯೋಲೈಟ್ ಬಿಸಿ ಹಬೆಗೆ ಸಿಕ್ಕಿ ಸವೆದಾಗ ಅಲ್ಯೂಮಿನಿಯಂ ಚೌಕಟ್ಟು ಬಿಟ್ಟು ಹೊರಬೀಳುವುದನ್ನು ಹೀಗೆ ಒಂದೇ ರೋಹಿತದಲ್ಲಿ, ಅಂದರೆ ದನಿಗಳ ನಕ್ಷೆಯಲ್ಲಿ, ಕಣ್ಣಾರೆ ಕಾಣಬಹುದು.

ಈ ದನಿಯನ್ನು ಘನ, ದ್ರವಗಳಲ್ಲಿ ಮೊದಲು ಹಿಡಿದದ್ದು 1945–46ರಲ್ಲಿ. ಹಾರ್ವರ್ಡ್‌ನಲ್ಲಿ ಪರ್ಸೆಲ್ ತಂಡ ಪ್ಯಾರಾಫಿನ್ ಮೇಣದಲ್ಲಿ, ಸ್ಟ್ಯಾನ್‌ಫರ್ಡ್‌ನಲ್ಲಿ ಬ್ಲಾಕ್ ತಂಡ ನೀರಿನಲ್ಲಿ. ಆರೇ ವರ್ಷ ಕಳೆಯುವುದರೊಳಗೆ, 1951ರಲ್ಲಿ, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಹರಿಯುವ ದ್ರವದಲ್ಲಿ ಇದೇ ದನಿ ಹೇಗೆ ಬದಲಾಗುತ್ತದೆ ಎಂದು ಅಳೆದು ಪ್ರಕಟಿಸಿದ್ದರು. ರಕ್ತದ ಹರಿವನ್ನು ಎಂಆರ್‌ಐನಲ್ಲಿ ನೋಡುವ ವಿದ್ಯೆಯ ಚರಿತ್ರೆ ಬರೆಯುವವರು ಇವತ್ತಿಗೂ ಆ ಪುಟ್ಟ ಲೇಖನದಿಂದ ಶುರುಮಾಡುತ್ತಾರೆ. ನಮ್ಮ ಪಠ್ಯಪುಸ್ತಕಗಳಲ್ಲಿ ಈ ಹೆಸರು ಯಾಕಿಲ್ಲವೋ!

ಸರಿ, ದ್ರವದಲ್ಲಿ ಎಲ್ಲ ಸಲೀಸು. ಅಣುಗಳು ಎಲ್ಲ ದಿಕ್ಕಿಗೂ ಹೊರಳಾಡುತ್ತ ಇರುವುದರಿಂದ ದನಿ ಸೂಜಿಮೊನೆಯಷ್ಟು ಚೂಪು. ಘನವಸ್ತು ಹಾಗಲ್ಲ. ಪುಡಿಯ ಒಂದೊಂದು ಕಣವೂ ಒಂದೊಂದು ದಿಕ್ಕಿಗೆ ಮುಖಮಾಡಿ ಬಿದ್ದಿರುತ್ತದೆ, ಒಂದೊಂದೂ ತನ್ನದೇ ಶ್ರುತಿಯಲ್ಲಿ ಹಾಡುತ್ತದೆ, ಒಟ್ಟಾಗಿ ಕೇಳುವುದು ಬರೀ ಗದ್ದಲ. 1958ರಲ್ಲಿ ವೇಲ್ಸ್‌ನ ಬ್ಯಾಂಗರ್‌ನಲ್ಲಿ ರೇಮಂಡ್ ಆಂಡ್ರ್ಯೂ ಮತ್ತು ಸಂಗಡಿಗರು ಇದಕ್ಕೆ ಕಂಡುಕೊಂಡ ಮದ್ದು ಕೇಳಿದರೆ ನಗು ಬರುತ್ತದೆ: ಅಣು ಹೊರಳದಿದ್ದರೆ ನಾವೇ ಗಿರಗಿರ ತಿರುಗಿಸೋಣ! ಅವರು ತಿರುಗಿಸಿದ್ದು ಅಡುಗೆಮನೆಯ ಉಪ್ಪಿನ ಹರಳನ್ನು. ಹೇಗೆಂದರೆ ಹಾಗೆ ತಿರುಗಿಸಿದರೆ ಆಗದು. ಕಾಂತಕ್ಷೇತ್ರಕ್ಕೆ ಸರಿಯಾಗಿ 54.74 ಡಿಗ್ರಿ ವಾಲಿಸಬೇಕು. ಘನಾಕೃತಿಯ ಒಂದು ಡಬ್ಬಿ ತೆಗೆದುಕೊಂಡು ಒಂದು ಮೂಲೆಯಿಂದ ಎದುರು ಮೂಲೆಗೆ ಒಳಗಿಂದ ಕಡ್ಡಿ ತೂರಿಸಿದರೆ, ಆ ಕಡ್ಡಿ ಡಬ್ಬಿಯ ಅಂಚಿನೊಂದಿಗೆ ಮಾಡುವ ಕೋನ ಇದೇ. ಆ ಕೋನದಲ್ಲಿ ದಿಕ್ಕಿನ ಗಲಾಟೆಯನ್ನೆಲ್ಲ ಹೊತ್ತ ಗಣಿತದ ಪದ ಸೊನ್ನೆಯಾಗಿಬಿಡುತ್ತದೆ. ವಿಜ್ಞಾನಿಗಳೇ ಅದನ್ನು ಮ್ಯಾಜಿಕ್ ಆಂಗಲ್ ಎಂದು ಕರೆದರು. ಹೆಸರಿಡುವಾಗ ಅಷ್ಟೇನೂ ಉತ್ಪ್ರೇಕ್ಷೆ ಮಾಡಿಲ್ಲ ಎಂದೇ ನನ್ನ ಅಭಿಪ್ರಾಯ.

ಇವತ್ತಿನ ಲ್ಯಾಬಿನಲ್ಲಿ ಈ ಮ್ಯಾಜಿಕ್ ನಡೆಯುವುದನ್ನು ಹತ್ತಿರದಿಂದ ನೋಡಬೇಕು. ಜಿರ್ಕೋನಿಯಾ ಎಂಬ ಗಟ್ಟಿಮುಟ್ಟಾದ ಸೆರಾಮಿಕ್‌ನ ಬಿಳಿ ಕೊಳವೆ, ಹೆಸರು ರೋಟರ್. ನಾಲ್ಕು ಮಿಲಿಮೀಟರ್ ದಪ್ಪದ್ದಿದೆ, 1.3 ಮಿಲಿಮೀಟರಿನದಿದೆ, ಅದಕ್ಕಿಂತ ಸಣ್ಣದೂ ಇದೆ. ಪುಡಿಯನ್ನು ಚೂರುಚೂರೇ ಹಾಕಿ ಸಣ್ಣ ಕಡ್ಡಿಯಿಂದ ಒತ್ತಿ ತುಂಬಬೇಕು. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆಯಾದರೆ ತಿರುಗುವಾಗ ಓಲಾಡಿ ಕೊಳವೆಯೇ ಪುಡಿಪುಡಿ. ತೇವದ ಗಾಳಿ ತಾಗಬಾರದ ಮೋಫ್ ಆದರೆ ಈ ಕೆಲಸವೆಲ್ಲ ಗಾಜಿನ ಪೆಟ್ಟಿಗೆಯೊಳಗೆ ದಪ್ಪ ರಬ್ಬರ್ ಕೈಗವಸು ತೊಟ್ಟು ನಡೆಯಬೇಕು. ಆಮೇಲೆ ಪುಟ್ಟ ರೆಕ್ಕೆಗಳಿರುವ ಮುಚ್ಚಳ. ಕೊನೆಗೆ ರೋಟರಿನ ತಳದ ಅಂಚಿನ ಅರ್ಧಕ್ಕೆ ಕಪ್ಪು ಮಾರ್ಕರ್ ಪೆನ್ನಿನಿಂದ ಮಸಿ ಬಳಿಯುತ್ತಾರೆ. ಹೌದು, ಅಂಗಡಿಯಲ್ಲಿ ಸಿಗುವ ಮಾಮೂಲಿ ಮಾರ್ಕರ್! ಕೋಟಿಗಟ್ಟಲೆ ಬೆಲೆಯ ಯಂತ್ರ ಆ ಮಸಿಯಿಂದ ಬೆಳಕು ಮಿಣುಕುವುದನ್ನು ಎಣಿಸಿ ಎಷ್ಟು ಸುತ್ತು ಎಂದು ತಿಳಿಯುತ್ತದೆ. ಕೋನ ಸರಿಯಿದೆಯೇ ಎಂದು ನೋಡಲು ಮೊದಲು ಪೊಟ್ಯಾಸಿಯಂ ಬ್ರೋಮೈಡ್ ಪುಡಿ ತಿರುಗಿಸುತ್ತಾರೆ. ಅದರ ಮರುದನಿಗಳ ಸರಪಳಿ ಎಷ್ಟು ಉದ್ದ ಎಳೆದರೆ ಕೋನ ಅಷ್ಟು ಕರಾರುವಾಕ್ಕು. ರೋಟರ್ ಮುಟ್ಟುವುದು ಗಾಳಿಯನ್ನು ಮಾತ್ರ, ತೇಲುವುದೂ ಗಾಳಿಯಲ್ಲೇ, ತಿರುಗುವುದೂ ಗಾಳಿಯಿಂದಲೇ. ವೇಗ ಏರಿದಂತೆ ಶಿಳ್ಳೆ ಏರುತ್ತದೆ, ಏರಿ ಏರಿ ಕಿವಿಗೆ ನಿಲುಕದಾಗುತ್ತದೆ. 1.3 ಮಿಲಿಮೀಟರಿನ ರೋಟರ್ ಸೆಕೆಂಡಿಗೆ 67,000 ಸುತ್ತು ಹಾಕಬಲ್ಲದು. ನಿಮಿಷಕ್ಕೆ 40 ಲಕ್ಷ ಸುತ್ತು! ಅದರ ಹೊರಮೈ ಆಗ ಗಂಟೆಗೆ ಸಾವಿರ ಕಿಲೋಮೀಟರಿನ ಹತ್ತಿರ ಓಡುತ್ತಿರುತ್ತದೆ. ಪ್ರಯಾಣಿಕರ ಜೆಟ್ ವಿಮಾನಕ್ಕಿಂತ ಜೋರು, ನಿಂತಲ್ಲೇ.

ಇಷ್ಟಾದರೂ ಲೋಹಗಳು ಪೂರ್ತಿ ಬಾಯಿಬಿಡುವುದಿಲ್ಲ. ಸತು, ಮೆಗ್ನೀಸಿಯಂ, ಅಲ್ಯೂಮಿನಿಯಂ ಇವುಗಳ ನ್ಯೂಕ್ಲಿಯಸ್ ಗುಂಡಗಿಲ್ಲ, ಹಲಸಿನಕಾಯಿಯ ಹಾಗೆ ತುಸು ಉದ್ದ. ಗುಂಡಗಿದ್ದಿದ್ದರೆ ಯಾವ ದಿಕ್ಕಿಗೆ ತಿರುಗಿದರೂ ಅದಕ್ಕೆ ಒಂದೇ. ಉದ್ದಗಿರುವುದರಿಂದ ಸುತ್ತಲಿನ ವಿದ್ಯುತ್ ಕ್ಷೇತ್ರ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆಯಾದರೆ ಅದಕ್ಕೆ ತಕ್ಷಣ ಗೊತ್ತಾಗುತ್ತದೆ, ದನಿ ಅಗಲವಾಗಿ ಹರಡಿಬಿಡುತ್ತದೆ. ಮ್ಯಾಜಿಕ್ ಆಂಗಲ್ಲಿಗೂ ಜಗ್ಗದ ಹರಡುವಿಕೆ ಇದು. ಗಣಿತ ಹೇಳಿತು: ಇದನ್ನು ಅಳಿಸಲು ಇನ್ನೊಂದು ಕೋನ ಬೇಕು, 30.56 ಡಿಗ್ರಿ. ಏಕಕಾಲಕ್ಕೆ ಎರಡು ಕೋನದಲ್ಲಿ ತಿರುಗುವುದು ಹೇಗೆ ಸ್ವಾಮಿ? 1988ರಲ್ಲಿ ಎಸ್ಟೋನಿಯಾದ ಸಮೋಸನ್, ಲಿಪ್‌ಮಾ ಮತ್ತು ಬರ್ಕ್ಲಿಯ ಅಲೆಕ್ಸ್ ಪೈನ್ಸ್ ಸೇರಿ ರೋಟರಿನೊಳಗೊಂದು ರೋಟರ್ ಕೂರಿಸಿಯೇಬಿಟ್ಟರು! ಹೊರಗಿನದು ಮ್ಯಾಜಿಕ್ ಕೋನದಲ್ಲಿ ತಿರುಗುತ್ತಿದ್ದರೆ ಅದರ ಹೊಟ್ಟೆಯಲ್ಲಿ ಒಳಗಿನದು ಇನ್ನೊಂದು ಕೋನದಲ್ಲಿ ತಿರುಗುತ್ತಿರುತ್ತದೆ. ಈ ಎಂಡೆಲ್ ಲಿಪ್‌ಮಾ ಸಾಮಾನ್ಯ ಆಸಾಮಿಯಲ್ಲ. ಟ್ಯಾಲಿನ್ ನಗರದಲ್ಲಿ ಕೂತು ಜಿಯೋಲೈಟ್‌ಗಳ ಸಿಲಿಕಾನನ್ನು ಮಾತಾಡಿಸಿ, ಅದರ ಪಕ್ಕ ಎಷ್ಟು ಅಲ್ಯೂಮಿನಿಯಂ ಇವೆಯೆಂದು ಎಣಿಸುವುದನ್ನು 1980ರ ಹೊತ್ತಿಗೇ ಜಗತ್ತಿಗೆ ತೋರಿಸಿದವರು. ಸೋವಿಯತ್ ಹಿಡಿತದಿಂದ ದೇಶ ಬಿಡಿಸಿಕೊಳ್ಳುವ ರಾಜಕೀಯದಲ್ಲೂ ಮುಂದೆ ನಿಂತು ಆಮೇಲೆ ಸಚಿವರೂ ಆದರು.

ಎರಡು ರೋಟರ್‌ಗಳ ಸರ್ಕಸ್ ಎಲ್ಲರ ಕೈಲಾಗುವಂಥದ್ದಲ್ಲ. 1995ರಲ್ಲಿ ಷಿಕಾಗೊದಲ್ಲಿ ಲೂಸಿಯೊ ಫ್ರಿಡ್‌ಮನ್ ಮತ್ತು ಜಾನ್ ಹಾರ್ವುಡ್ ಒಂದೇ ರೋಟರ್ ಸಾಕು, ಎರಡನೆಯ ಕೋನದ ಕೆಲಸವನ್ನು ರೇಡಿಯೊ ತಟ್ಟುಗಳಿಗೇ ಒಪ್ಪಿಸೋಣ ಎಂದರು. ಅಲ್ಲಿಂದ ಮುಂದೆ ಈ ಮೊಂಡು ನ್ಯೂಕ್ಲಿಯಸ್‌ಗಳನ್ನು ಮಾತಾಡಿಸುವುದು ಸಾಧಾರಣ ಲ್ಯಾಬುಗಳಿಗೂ ಸಾಧ್ಯವಾಯಿತು.

ಇನ್ನೊಂದು ದಾರಿಯಿದೆ, ಒರಟು ದಾರಿ. ಮ್ಯಾಗ್ನೆಟ್ಟನ್ನೇ ದೊಡ್ಡದು ಮಾಡುವುದು. ಕಾಂತಕ್ಷೇತ್ರ ಹೆಚ್ಚಿದಷ್ಟೂ ಆ ಹರಡುವಿಕೆ ಕುಗ್ಗುತ್ತದೆ. ಟ್ಯಾಲಹಾಸಿಯವರು ಹಿಡಿದದ್ದು ಈ ದಾರಿಯನ್ನು. ಹೊರಗೆ ಸೂಪರ್‌ಕಂಡಕ್ಟರ್ ಸುರುಳಿ, ಒಳಗೆ ಮೆಗಾವ್ಯಾಟ್‌ಗಟ್ಟಲೆ ಕರೆಂಟು ಕುಡಿಯುವ ಸಾಧಾರಣ ಲೋಹದ ಸುರುಳಿ, ಎರಡೂ ಸೇರಿ ಎನ್‌ಎಂಆರ್‌ಗೆ ಒದಗಿಸುವುದು 35.2 ಟೆಸ್ಲಾ. ಬೆಂಗಳೂರಿನಲ್ಲಿ ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಕಾಂತಕ್ಷೇತ್ರದ ಎಂಟು ಲಕ್ಷ ಪಟ್ಟಿಗೂ ಮಿಗಿಲು!

ಆ ಹೊಟ್ಟೆಯೊಳಗೆ ಹೋದದ್ದು ಜಿಫ್ ಎಂಬ ಜಾತಿಯ ಮೋಫ್. ಇದರಲ್ಲಿ ಒಂದೊಂದು ಸತುವಿನ ಸುತ್ತ ನಾಲ್ಕು ನೈಟ್ರೋಜನ್. ಬಹುತೇಕ ಮೋಫ್‌ಗಳು ಬಿಸಿ ಮಾಡಿದರೆ ಕರಗುವ ಮೊದಲೇ ಸುಟ್ಟು ಹಾಳಾಗುತ್ತವೆ. ಜಿಫ್‌ಗಳಲ್ಲಿ ಕೆಲವು ಮಾತ್ರ ಕರಗಿ ಪಾಕವಾಗುತ್ತವೆ, ಆ ಪಾಕವನ್ನು ಆರಿಸಿದರೆ ಗಾಜಾಗುತ್ತವೆ. ಕಿಟಕಿಯ ಗಾಜಲ್ಲ, ಪ್ಲಾಸ್ಟಿಕ್ಕೂ ಅಲ್ಲ, ಲೋಹದ ಗಾಜೂ ಅಲ್ಲ, ಹೊಸದೇ ಒಂದು ಕುಲ. 2015ರ ಹೊತ್ತಿಗೆ ಇದು ಗೊತ್ತಾದಾಗ ಗಾಜಿನ ಪಂಡಿತರು ಹೌಹಾರಿದ್ದರು. ಗಾಜಾದಾಗ ದೂರದ ಸಾಲು ಕೆಡುತ್ತದೆ ನಿಜ, ಆದರೆ ಸತುವಿನ ಹತ್ತಿರದ ನೆರೆ ಹರಳಿನಲ್ಲಿದ್ದಂತೆಯೇ ಅಚ್ಚುಕಟ್ಟಾಗಿ ಉಳಿಯುತ್ತದೆ ಎಂಬುದು ಅಂದಿನ ತಿಳಿವಳಿಕೆ. ಎಕ್ಸ್‌ರೇ ಕೊಟ್ಟ ಸರಾಸರಿ ಅಂತರಗಳು ಹಾಗೆಯೇ ತೋರಿಸಿದ್ದವು.

ಸತುವನ್ನೇ ಕೇಳಿದರೆ? ಕೇಳುವುದು ಸುಲಭವಿರಲಿಲ್ಲ. ನಿಸರ್ಗದ ಸತುವಿನಲ್ಲಿ ಎನ್‌ಎಂಆರ್‌ಗೆ ಉತ್ತರ ಕೊಡುವ ಸತು-67 ನೂರಕ್ಕೆ ನಾಲ್ಕು ಮಾತ್ರ. ಅದರ ದನಿಯೋ ಹೈಡ್ರೋಜನ್ ಕಂಪನಾಂಕದ ಹದಿನಾರನೇ ಒಂದು ಭಾಗದಲ್ಲಿ, ಪಿಸುಮಾತು. ಡೆನ್ಮಾರ್ಕಿನ ಆಲ್ಬೋರ್ಗ್ ವಿಶ್ವವಿದ್ಯಾಲಯದ ಯುವಾನ್‌ಝೆಂಗ್ ಯೂ, ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿರುವ ಸಬ್ಯಸಾಚಿ ಸೇನ್, ಟ್ಯಾಲಹಾಸಿಯ ಝೆಹಾಂಗ್ ಗಾನ್ ಮತ್ತು ಸಂಗಡಿಗರು 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇಟ್ಟ ಉತ್ತರ ಇದು. ಹರಳಿನಲ್ಲಿ ಸತು ಎರಡು ಬಗೆಯ ಜಾಗಗಳಲ್ಲಿ ಕೂತಿತ್ತು, ಎರಡೂ ರೋಹಿತದಲ್ಲಿ ಬೇರೆಬೇರೆಯಾಗಿ ಕಂಡವು. ಕರಗಿಸಿ ಗಾಜು ಮಾಡಿದ ಮೇಲೆ ಎರಡೂ ಮಾಯ! ಉಳಿದದ್ದು ಒಂದೇ ಬಗೆ, ನಾಲ್ಕು ನೈಟ್ರೋಜನ್‌ಗಳ ನಡುವಿನ ಸತುವೇ ಹೌದು, ಆದರೆ ಒಂದೊಂದು ಕಡೆ ಒಂದೊಂದು ರೀತಿ ಸೊಟ್ಟಗೆ, ಅಗಲಕ್ಕೆ ಹರಡಿಕೊಂಡ ರೋಹಿತ. ಅಂದರೆ ಹತ್ತಿರದ ನೆರೆಯೂ ಕೆಟ್ಟಿತ್ತು. ಹರಳು ಸುಮ್ಮನೆ ಬಾಗಿ ಬಳುಕಿ ಗಾಜಾದದ್ದಲ್ಲ, ಪಾಕದಲ್ಲಿ ಸತು-ನೈಟ್ರೋಜನ್ ಕೊಂಡಿಗಳು ಕಳಚಿ, ಹೊಸ ಜೋಡಿ ಹಿಡಿದು, ಮನೆಯನ್ನೇ ಬುಡದಿಂದ ಹೊಸದಾಗಿ ಕಟ್ಟಿಕೊಂಡಿದ್ದವು. ಇನ್ನೂ ಸ್ವಾರಸ್ಯವೆಂದರೆ ಅಡ್ಡಪಟ್ಟಿಯ ಅಣುಗಳನ್ನು ಬದಲಿಸಿದರೂ ಈ ಅಸ್ತವ್ಯಸ್ತದ ಪ್ರಮಾಣ ಬದಲಾಗಲಿಲ್ಲ. ಒಂದು ದುಂಡು ನ್ಯೂಕ್ಲಿಯಸ್‌ಗೆ ಇದು ಇಷ್ಟು ಸ್ಪಷ್ಟವಾಗಿ ತಿಳಿಯುತ್ತಿರಲಿಲ್ಲ. ಮೂರು ದಶಕ ಎಲ್ಲರನ್ನೂ ಕಾಡಿದ ಆ ಉದ್ದ ಆಕಾರವೇ ಇಲ್ಲಿ ಸಾಕ್ಷಿ ಹೇಳಿತು.

ಮೆಗ್ನೀಸಿಯಂನದು ಇನ್ನೊಂದು ಮೋಜು. ಸಿಪಿಒ-27 ಎಂಬ ಮೋಫ್‌ನಲ್ಲಿ ಆರು ಮೂಲೆಯ ಉದ್ದುದ್ದ ಸುರಂಗಗಳಿವೆ, ಗೋಡೆಗುಂಟ ಮೆಗ್ನೀಸಿಯಂ ಸಾಲು. ಒಂದೊಂದಕ್ಕೂ ಐದು ಆಕ್ಸಿಜನ್ ಗೋಡೆಯವು, ಆರನೆಯ ಜಾಗದಲ್ಲಿ ಒಂದು ನೀರಿನ ಅಣು. ಬಿಸಿ ಮಾಡಿ ಗಾಳಿ ಎಳೆದರೆ ನೀರು ಹೊರಟುಹೋಗಿ ಆ ಜಾಗ ಖಾಲಿ. ಖಾಲಿ ಜಾಗ ಕಂಡದ್ದೇ ತಡ, ಇಂಗಾಲದ ಡೈಆಕ್ಸೈಡ್ ಬಂದು ಅಂಟಿಕೊಳ್ಳುತ್ತದೆ. ಕೋಣೆಯ ಉಷ್ಣತೆಯಲ್ಲಿ, ಮಾಮೂಲಿ ಒತ್ತಡದಲ್ಲಿ ತನ್ನ ತೂಕದ ಮೂರನೇ ಒಂದು ಭಾಗದಷ್ಟು ಅನಿಲವನ್ನು ಈ ಪುಡಿ ನುಂಗಬಲ್ಲದು! ಕೆನಡಾದ ಒಂಟಾರಿಯೊದಲ್ಲಿ ಯಿನಿಂಗ್ ಹುವಾಂಗ್ ತಂಡ 2013ರಲ್ಲಿ 21.1 ಟೆಸ್ಲಾ ಮ್ಯಾಗ್ನೆಟ್ ಬಳಸಿ ಮೆಗ್ನೀಸಿಯಂ-25ನ್ನು ನೇರವಾಗಿ ಮಾತಾಡಿಸಿತು. ಬಂದ ಅತಿಥಿ ಯಾರೆಂಬುದರ ಮೇಲೆ ರೋಹಿತದ ಆಕಾರವೇ ಬದಲಾಗುತ್ತಿತ್ತು. ಅದಕ್ಕೂ ಒಂದು ವರ್ಷ ಮೊದಲು ಬರ್ಕ್ಲಿಯ ಜೆಫ್ರಿ ರೀಮರ್ ತಂಡ ಅದೇ ಚೌಕಟ್ಟಿನಲ್ಲಿ ಅತಿಥಿಯ ಕಡೆಯಿಂದ ವಿಚಾರಿಸಿತ್ತು. ಇಂಗಾಲ-13ರ ದನಿಯ ಪ್ರಕಾರ ಅಂಟಿಕೊಂಡ ಡೈಆಕ್ಸೈಡ್ ಸುಮ್ಮನೆ ಕೂತಿರುವುದಿಲ್ಲ, ಲೋಹವನ್ನು ಹಿಡಿದುಕೊಂಡೇ ಸುತ್ತುತ್ತದೆ. ಆಮೇಲಿನ ಲೆಕ್ಕಾಚಾರಗಳು ಅದು ಒಂದು ಮೆಗ್ನೀಸಿಯಂನಿಂದ ಇನ್ನೊಂದಕ್ಕೆ ಜಿಗಿಯುತ್ತದೆ ಎಂದೂ ಹೇಳಿದವು.

ಪ್ಲಾಟಿನಂ ವಿಷಯದಲ್ಲಂತೂ ಲೋಭಕ್ಕೇ ಸವಾಲು. ದುಬಾರಿ ಲೋಹ, ವೇಗವರ್ಧಕವಾಗಿ ಬಳಸುವಾಗ ಒಂದು ಪರಮಾಣುವೂ ವ್ಯರ್ಥವಾಗದಂತೆ ಬಿಡಿಬಿಡಿಯಾಗಿ ಇಂಗಾಲದ ಹಂದರದ ಮೇಲೆ ಕೂರಿಸುತ್ತಾರೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಅಲ್ಲೊಂದು ಚುಕ್ಕೆ ಇಲ್ಲೊಂದು ಚುಕ್ಕೆ ತೋರಿಸುತ್ತದೆ, ಆ ಚುಕ್ಕೆಯ ಪಕ್ಕ ನೈಟ್ರೋಜನ್ ಇದೆಯೋ ಕ್ಲೋರಿನ್ ಇದೆಯೋ ಹೇಳುವುದಿಲ್ಲ. ಪ್ಲಾಟಿನಂ-195ರ ದನಿ ನೆರೆ ಬದಲಾದಂತೆ ಹತ್ತು ಲಕ್ಷದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಪಾಲು ಓಡಾಡುತ್ತದೆ, ಅಷ್ಟು ಅಗಲದ ರೋಹಿತ ಹಿಡಿಯುವುದೇ ಹರಸಾಹಸ. 2025ರಲ್ಲಿ ಜ್ಯೂರಿಕ್‌ನ ಇಟಿಎಚ್‌ನ ಕೊಪೆರೆ ಮತ್ತು ಪೆರೆಜ್-ರಮಿರೆಜ್ ಅವರ ತಂಡಗಳು ಫ್ರಾನ್ಸಿನ ಎನ್‌ಎಂಆರ್ ಪರಿಣತರ ಜತೆಗೂಡಿ ಅದನ್ನೂ ಹಿಡಿದವು. ಒಂಟಿ ಪರಮಾಣುಗಳೆಲ್ಲ ಒಂದೇ ಥರ ಎಂಬ ಭ್ರಮೆ ಬಿಟ್ಟು, ಯಾವ ವಿಧಾನದಿಂದ ತಯಾರಿಸಿದರೆ ನೆರೆ ಎಷ್ಟು ಏಕರೂಪ ಎಂದು ಅಳೆಯಲು ಒಂದು ದಾರಿ ಸಿಕ್ಕಿತು.

ಈಗ ಜಗಳ ನಡೆದಿರುವುದು ಟೈಟಾನಿಯಂ ಮೇಲೆ. 1983ರಲ್ಲಿ ಇಟಲಿಯ ಸ್ನಾಂಪ್ರೊಜೆಟ್ಟಿ ಕಂಪನಿ ಪೇಟೆಂಟ್ ಪಡೆದ ಟಿಎಸ್-1 ಎಂಬ ಜಿಯೋಲೈಟ್‌ನಲ್ಲಿ ಸಿಲಿಕಾನ್‌ಗಳ ನಡುವೆ ಅಲ್ಲೊಂದು ಇಲ್ಲೊಂದು ಟೈಟಾನಿಯಂ. ಹೈಡ್ರೋಜನ್ ಪೆರಾಕ್ಸೈಡ್ ಕೊಟ್ಟರೆ ಪ್ರೊಪಿಲೀನನ್ನು ಪ್ರೊಪಿಲೀನ್ ಆಕ್ಸೈಡ್ ಮಾಡುತ್ತದೆ, ಕಸವಾಗಿ ಉಳಿಯುವುದು ನೀರಷ್ಟೇ. ಹಾಸಿಗೆಯ ಫೋಮ್‌ಗೆ ಬೇಕಾದ ಕಚ್ಚಾವಸ್ತುವದು. ಟೈಟಾನಿಯಂ ಒಂಟಿಯಾಗಿದ್ದೇ ಈ ಕೆಲಸ ಮಾಡುತ್ತದೆಂದು ಹತ್ತಿರ ಹತ್ತಿರ ನಲವತ್ತು ವರ್ಷ ಎಲ್ಲರೂ ಬರೆದರು, ಕಲಿಸಿದರು. 2020ರಲ್ಲಿ ಕೊಪೆರೆ ತಂಡ ಆಕ್ಸಿಜನ್-17 ತುಂಬಿದ ಪೆರಾಕ್ಸೈಡ್ ಹಾಕಿ ಎನ್‌ಎಂಆರ್ ನೋಡಿದಾಗ ಕಂಡ ಗುರುತು ಎರಡು ಟೈಟಾನಿಯಂಗಳ ನಡುವೆ ಸೇತುವೆಯಾಗಿ ಕೂತ ಪೆರಾಕ್ಸೈಡಿನದು ಎಂದು ಅವರು ವಾದಿಸಿದರು. ಒಂಟಿಯಲ್ಲ, ಜೋಡಿ! ಎಲ್ಲರೂ ಒಪ್ಪಿಲ್ಲ. ಟೈಟಾನಿಯಂನ್ನೇ ನೇರವಾಗಿ ಕೇಳಿಬಿಡೋಣವೆಂದರೆ, ಉತ್ತರ ಕೊಡಬಲ್ಲ ಅದರ ಎರಡು ಐಸೊಟೋಪ್‌ಗಳು, 47 ಮತ್ತು 49, ಹೆಚ್ಚುಕಡಿಮೆ ಒಂದೇ ಕಂಪನಾಂಕದಲ್ಲಿ ಒಟ್ಟಿಗೆ ಮಾತಾಡತೊಡಗುತ್ತವೆ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು. ಯಾವುದು ಯಾರದೆಂದು ಬಿಡಿಸಲು ಮತ್ತೆ ದೊಡ್ಡ ಮ್ಯಾಗ್ನೆಟ್ಟಿನ ಮುಂದೆಯೇ ಸರದಿ ನಿಲ್ಲಬೇಕು.